ನೀರ್ಚಾಲಿನ ಮಳೆಯಲ್ಲಿ 640 ಕಿಲೋಮೀಟರ್: ಒಂದು ಜೋಡಿ ಶೂವಿನ ವಿಮರ್ಶೆ

ಓಟದ ಶೂಗಳ ಬಗ್ಗೆ ಬರೆಯುವವರು ಮೊದಲು ಫೋಮ್ ಎಷ್ಟು ಮೆತ್ತಗಿದೆ ಎಂದು ಹೇಳುತ್ತಾರೆ, ಆಮೇಲೆ ತೂಕ, ಆಮೇಲೆ ಬಣ್ಣ. ಇವತ್ತು ಒದ್ದೆಯಾದ ಶೂ ನಾಳೆ ಬೆಳಗಿನ ಐದು ಗಂಟೆಗೆ ಒಣಗಿರುತ್ತದೆಯೇ ಎಂದು ಬರೆದವರನ್ನು ನಾನು ಕಂಡಿಲ್ಲ. ಬಹುಶಃ ಅವರ ಊರಿನಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ನೀರ್ಚಾಲು ಇರುವ ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಅಂಗಿ ಒಣಗುವುದಿಲ್ಲ, ಹಪ್ಪಳ ಒಣಗುವುದಿಲ್ಲ, ಶೂ ಎಲ್ಲಿ ಒಣಗೀತು? ಹಾಗಾಗಿ ನಾನು ಈ ವಿಮರ್ಶೆಯನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತಿದ್ದೇನೆ. ಮೊದಲು ಒಣಗುವ ಮಾತು, ಉಳಿದದ್ದು ಆಮೇಲೆ.

ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಈ ಕಂಪನಿಗಳು ವರ್ಷಕ್ಕೊಮ್ಮೆ ಮಾದರಿ ಬದಲಿಸುತ್ತವೆ. ನಾನು ಹೊಗಳಿದ್ದನ್ನು ಓದಿ ನೀವು ಅಂಗಡಿಗೆ ಹೋಗುವ ಹೊತ್ತಿಗೆ ಅದೇ ಹೆಸರಿನಲ್ಲಿ ಬೇರೆಯೇ ಶೂ ಕುಳಿತಿರುತ್ತದೆ. ಇನ್ನೊಂದು ಕಾರಣವೂ ಇದೆ: ಈ ಜೋಡಿಗೆ ಆದ ದೊಡ್ಡ ಗಾಯ ನಮ್ಮ ಮನೆಯೊಳಗೇ ಆದದ್ದು. ಅದನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೆಲೆ ಹೇಳಬಹುದು. ಪೆಟ್ಟಿಗೆಯ ಮೇಲೆ 6,499 ರೂಪಾಯಿ ಇತ್ತು, ಮೇ ತಿಂಗಳ ಕೊನೆಯಲ್ಲಿ ಮಂಗಳೂರಿನ ಅಂಗಡಿಯೊಂದರಲ್ಲಿ 4,900ಕ್ಕೆ ಸಿಕ್ಕಿತು. ಮಳೆಗಾಲದ ಹೊಸ್ತಿಲಿನಲ್ಲಿ ಓಟದ ಶೂ ಕೊಳ್ಳುವವರು ಕಡಿಮೆ, ಅಂಗಡಿಯವರು ಚೌಕಾಶಿಗೆ ಬಗ್ಗುತ್ತಾರೆ.

ಓದುವವರಿಗೆ ಓಡುವವನು ಯಾರು ಎಂದು ಗೊತ್ತಿರಬೇಕು. ನನಗೆ ನಲವತ್ತಾರು ವರ್ಷ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೇಷ್ಟ್ರು, ಎಪ್ಪತ್ತೊಂದು ಕಿಲೋ ತೂಕ. ಐದು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 6.1 ಬಂದಿತ್ತು. 5.7ರಿಂದ 6.4ರ ನಡುವೆ ಬಂದರೆ ಇನ್ನೂ ಕಾಯಿಲೆಯಲ್ಲ, ಕಾಯಿಲೆಯ ಜಗಲಿ ಎಂದು ವೈದ್ಯರು ವಿವರಿಸಿದರು. ಅಮ್ಮ ಆ ಜಗಲಿ ದಾಟಿ ಒಳಗೆ ಹೋಗಿ ಹದಿನೈದು ವರ್ಷವಾಗಿತ್ತು. ನಾನು ಮೊದಲು ನಡೆದೆ, ಆಮೇಲೆ ಓಡಿದೆ. ವೇಗದ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ: ಆರಾಮದ ಓಟದಲ್ಲಿ ಕಿಲೋಮೀಟರಿಗೆ ಆರು ನಿಮಿಷ ನಲವತ್ತು ಸೆಕೆಂಡ್.

ವಾರದ ಲೆಕ್ಕ ಹೀಗಿದೆ. ಮಂಗಳವಾರ, ಗುರುವಾರ ಎಂಟೆಂಟು ಕಿಲೋಮೀಟರ್ ಆರಾಮದ ಓಟ. ಬುಧವಾರ ಏರು. ಬೇಸಿಗೆಯಾದರೆ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುತ್ತೇನೆ, ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳ ಸಭೆ ನಡೆಯುವುದರಿಂದ ಮನೆಯ ಹತ್ತಿರದ ಡಾಮರಿನ ಏರನ್ನು ಹತ್ತು ಸಲ ಓಡಿ ಹತ್ತಿ, ನಡೆದು ಇಳಿಯುತ್ತೇನೆ. ಹೋಗಿ ಬರುವುದೆಲ್ಲ ಸೇರಿ ಆರು ಕಿಲೋಮೀಟರ್. ಶನಿವಾರ ಐದು, ಅದರಲ್ಲಿ ಕೊನೆಯ ಎರಡು ಮಗಳ ಜೊತೆಗೆ. ಅವಳಿಗೆ ಹನ್ನೆರಡು ವರ್ಷ, ಮಾತನಾಡುತ್ತಲೇ ಓಡುತ್ತಾಳೆ, ಉತ್ತರ ಕೊಡುವಷ್ಟು ಉಸಿರು ನನ್ನಲ್ಲಿ ಉಳಿದಿರುವುದಿಲ್ಲ. ಭಾನುವಾರ ಇಪ್ಪತ್ತು. ಸೋಮವಾರ, ಶುಕ್ರವಾರ ರಜೆ. ಒಟ್ಟು ನಲವತ್ತೇಳು. ಈ ಶೂವನ್ನು ಹಳೆಯ ಜೋಡಿಯೊಂದರ ಜೊತೆ ದಿನ ಬಿಟ್ಟು ದಿನ ಹಾಕಿದ್ದರಿಂದ ಜೂನ್‌ನಿಂದ ನವೆಂಬರ್ ತನಕ ಇದರ ಪಾಲಿಗೆ 640 ಕಿಲೋಮೀಟರ್ ಬಂತು.

ಇನ್ನು ಒಣಗುವ ಮಾತು. ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ನಮ್ಮಲ್ಲಿದೆ. ಎಂಟನೇ ಸೈಜಿನ ಒಂದು ಶೂ ಒಣಗಿದ್ದಾಗ 262 ಗ್ರಾಂ ಇತ್ತು. ಬಾಲ್ದಿಯ ನೀರಿನಲ್ಲಿ ಐದು ನಿಮಿಷ ಮುಳುಗಿಸಿ, ಒಂದು ನಿಮಿಷ ತೂಗಿ ಹಾಕಿ ನೀರು ಇಳಿಸಿ ಮತ್ತೆ ಇಟ್ಟೆ: 391. ಹಳೆಯ ಜೋಡಿಯದು 290 ಇದ್ದದ್ದು 505ಕ್ಕೆ ಏರಿತು. ಎಂಟು ಕಿಲೋಮೀಟರಿಗೆ ನನ್ನ ಒಂದೊಂದು ಕಾಲು ನಾಲ್ಕು ಸಾವಿರಕ್ಕಿಂತ ಹೆಚ್ಚು ಸಲ ಎದ್ದು ಬೀಳುತ್ತದೆ. ಪ್ರತಿ ಸಲವೂ ಅರ್ಧ ಕುಡ್ತೆ ನೀರನ್ನು ಕಾಲಿಗೆ ಕಟ್ಟಿಕೊಂಡು ಎತ್ತುವುದೋ, ಒಂದು ಕುಡ್ತೆ ನೀರನ್ನೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ವ್ಯತ್ಯಾಸಕ್ಕೆ ಕಾರಣ ಫೋಮ್ ಅಲ್ಲ. ಅಟ್ಟೆಯ ಫೋಮ್ ನೀರು ಕುಡಿಯುವುದು ಕಡಿಮೆ. ಕುಡಿಯುವುದು ಮೇಲಿನ ಬಟ್ಟೆ, ನಾಲಿಗೆ, ಹಿಮ್ಮಡಿಯ ಸುತ್ತಲಿನ ಸ್ಪಂಜು ಮತ್ತು ಒಳಗಿನ ಇನ್‌ಸೋಲ್. ಈ ಶೂವಿನ ಮೇಲುಬಟ್ಟೆ ಒಂದೇ ಪದರದ ಜಾಳಿಗೆ, ನಾಲಿಗೆ ದೋಸೆಯಷ್ಟು ತೆಳು, ಹಿಮ್ಮಡಿಯ ಸ್ಪಂಜು ಹೆಸರಿಗಷ್ಟೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಇದೇ ಕಾರಣಕ್ಕೆ ಬಡಕಲಾಗಿ ಕಾಣಿಸಿತ್ತು. ಪಕ್ಕದಲ್ಲಿದ್ದ ದಪ್ಪ ಹಾಸಿಗೆಯಂಥ ಶೂ ಹೆಚ್ಚು ಬೆಲೆಬಾಳುವಂತೆ ಕಂಡಿತ್ತು. ಇನ್‌ಸೋಲ್ ಕೂಡ ಇದರಲ್ಲಿ ಬಿಡಿಯಾಗಿ ಹೊರಗೆ ಬರುತ್ತದೆ. ಅಂಟಿಸಿದ್ದಾದರೆ ನಮ್ಮ ಊರಿನವರು ಕೊಳ್ಳಲೇಬಾರದು, ಒಂದು ವಾರದಲ್ಲಿ ಶೂವಿನೊಳಗೆ ಅಣಬೆಯ ವಾಸನೆ ಹುಟ್ಟುತ್ತದೆ.

ಹೀಗಿದ್ದೂ ಸುಮ್ಮನೆ ಮೂಲೆಯಲ್ಲಿ ಇಟ್ಟರೆ ಜುಲೈಯಲ್ಲಿ ಎರಡು ದಿನ ಬೇಕು. ಇನ್‌ಸೋಲ್ ತೆಗೆದು, ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಒಳಗೆ ತುರುಕಿ, ರಾತ್ರಿ ಮಲಗುವ ಮೊದಲು ಆ ಉಂಡೆಗಳನ್ನು ಬದಲಿಸಿದರೆ ಬೆಳಿಗ್ಗೆಗೆ ತಣ್ಣಗೆ ಇದ್ದರೂ ಹನಿ ಇರುವುದಿಲ್ಲ. ಇದರಿಂದ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ನಮ್ಮಲ್ಲಿ ಎರಡು ಪತ್ರಿಕೆ ಬರುತ್ತದೆ, ಅಪ್ಪನಿಗೆ ಕನ್ನಡ, ಮಗಳಿಗೆ ಶಾಲೆಯ ಕಾರಣಕ್ಕೆ ಮಲಯಾಳ. ಅಪ್ಪನಿಗೆ ಎಪ್ಪತ್ತನಾಲ್ಕು, ಅಡಿಕೆ ಧಾರಣೆಯ ಪುಟವನ್ನು ಮಧ್ಯಾಹ್ನದ ನಿದ್ದೆಯ ನಂತರ ಇನ್ನೊಮ್ಮೆ ಓದುವವರು. ಒಂದು ದಿನ ಆ ಪುಟ ನನ್ನ ಎಡಗಾಲಿನ ಶೂವಿನ ಹೊಟ್ಟೆಯಲ್ಲಿ ಸಿಕ್ಕಿತು. ಬಿಡಿಸಿ ನೋಡಿದರು, ಸುಪಾರಿಯ ದರವಿದ್ದ ಜಾಗದಲ್ಲಿ ನನ್ನ ಬೆರಳಿನ ಅಚ್ಚಿತ್ತು. ಅಂದಿನಿಂದ ಶೂವಿಗೆ ಮಲಯಾಳ ಪತ್ರಿಕೆ ಮಾತ್ರ ಎಂದು ತೀರ್ಪಾಯಿತು. ಮಗಳು ಪ್ರತಿಭಟಿಸಿದಳು. ನೀರು ಹೀರುವುದರಲ್ಲಿ ಎರಡೂ ಭಾಷೆಗಳು ಸಮ ಎಂಬುದನ್ನು ಗಡಿನಾಡಿನ ಪ್ರಜೆಯಾಗಿ ದಾಖಲಿಸುತ್ತೇನೆ.

ಹಿಡಿತದ ವಿಷಯಕ್ಕೆ ಬಂದರೆ, ಒದ್ದೆ ಡಾಮರಿನ ಮೇಲೆ ತಕರಾರಿಲ್ಲ. ಬದಿಯಡ್ಕ ರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಟ್ಟು ಕೆಸರಿನ ಅಂಚಿಗೆ ಇಳಿದಾಗಲೂ ಜಾರಲಿಲ್ಲ. ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಬೇರೆ ಕಥೆ. ಭಾನುವಾರಗಳಲ್ಲಿ ನಾನು ಸೀತಾಂಗೋಳಿಯ ಕಡೆಯಿಂದ ಅನಂತಪುರದ ಪದವಿಗೆ, ಅಂದರೆ ಮುರಕಲ್ಲಿನ ಎತ್ತರದ ಬಯಲಿಗೆ, ಹೋಗುತ್ತೇನೆ. ಮಳೆಗಾಲದಲ್ಲಿ ಆ ಪದವು ನೋಡಲೇಬೇಕಾದ ಜಾಗ: ಬೇಸಿಗೆಯಲ್ಲಿ ಕರಿಬಂಡೆಯಂತೆ ಕಾದಿರುವ ಕಲ್ಲಿನ ಮೇಲೆ ಬೆರಳುದ್ದದ ಹುಲ್ಲು, ಹೊಂಡಗಳಲ್ಲಿ ನೀರು, ನೀಲಿ ಹೂವು. ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಬದುಕಿದ್ದಾಗ ಓಟ ನಿಲ್ಲಿಸಿ ಒಂದು ಸುತ್ತು ಇಣುಕಿ ಬರುತ್ತಿದ್ದೆ. 2022ರ ಅಕ್ಟೋಬರಿನಲ್ಲಿ ಅದು ಸತ್ತ ಮೇಲೆ ಕೂಡ ಕಾಲು ತಾನಾಗಿ ಅಲ್ಲಿ ನಿಧಾನವಾಗುತ್ತದೆ. ಜುಲೈಯ ಒಂದು ಭಾನುವಾರ ಅದೇ ಪದವಿನ ಇಳಿಜಾರಿನಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಈ ಶೂ ನನ್ನ ಕೈಬಿಟ್ಟಿತು. ಅಂಗೈಯ ಚರ್ಮ ಹೋಯಿತು, ಮೊಣಕಾಲು ಊದಿತು, ಹತ್ತು ದಿನ ರಜೆ. ಪಾಚಿಯ ಮೇಲೆ ನಿಲ್ಲುವ ರಬ್ಬರನ್ನು ಯಾರೂ ಮಾಡಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಇನ್ನೊಂದು ದೋಷಕ್ಕೆ ಸಮಾಧಾನವಿಲ್ಲ. ತೂಕ ಇಳಿಸಲೆಂದು ಅಟ್ಟೆಯ ಅಡಿಯಲ್ಲಿ ರಬ್ಬರನ್ನು ಅಲ್ಲಲ್ಲಿ ತೇಪೆಯಂತೆ ಹಾಕಿದ್ದಾರೆ, ನಡುವೆ ಬರಿಯ ಫೋಮ್. ಮುರಕಲ್ಲಿನ ತೂತು ತೂತಾದ ಮೈ ಅದನ್ನು ತೆಂಗಿನಕಾಯಿ ತುರಿದಂತೆ ತುರಿಯಿತು. ಇನ್ನೂರು ಕಿಲೋಮೀಟರಿಗೇ ನಡುಭಾಗ ನವೆದು ಹೋಗಿತ್ತು.

ಬೆರಳುಗಳ ಕಡೆ ಅಗಲ ಚೆನ್ನಾಗಿದೆ. ಹತ್ತನೇ ತರಗತಿಯ ತನಕ ಚಪ್ಪಲಿ ಹಾಕದೆ ಬೆಳೆದ ನನ್ನಂಥವರ ಪಾದ ಮುಂದುಗಡೆ ಬೀಸಣಿಗೆಯಂತೆ ಹರಡಿರುತ್ತದೆ. ಹೆಚ್ಚಿನ ಶೂಗಳು ಕಿರುಬೆರಳನ್ನು ಕೊಲ್ಲುತ್ತವೆ, ಇದು ಕೊಲ್ಲಲಿಲ್ಲ. ಒದ್ದೆ ಕಾಲುಚೀಲದ ಗುಳ್ಳೆಗಳಿಗೆ ಓಡುವ ಮೊದಲು ತೆಂಗಿನೆಣ್ಣೆ ಸವರಿಕೊಳ್ಳುತ್ತೇನೆ, ಸಾಕಾಗುತ್ತದೆ. ವೇಗಕ್ಕೆ ಇದು ಹೇಳಿದ್ದಲ್ಲ. ಅರ್ಧ ಮ್ಯಾರಥಾನನ್ನು, ಅಂದರೆ 21.1 ಕಿಲೋಮೀಟರನ್ನು, ಎರಡು ಗಂಟೆಯೊಳಗೆ ಮುಗಿಸಲು ಕಿಲೋಮೀಟರಿಗೆ ಐದು ನಿಮಿಷ ನಲವತ್ತೊಂದು ಸೆಕೆಂಡಿನಂತೆ ಓಡಬೇಕು. ನವೆಂಬರಿನಲ್ಲಿ ಎರಡು ಗಂಟೆ ಎರಡು ನಿಮಿಷವಾಯಿತು. ಕಾಲಿನ ತಪ್ಪೋ ಶೂವಿನ ತಪ್ಪೋ ಎಂದು ಮನೆಯಲ್ಲಿ ಚರ್ಚೆಯಾದಾಗ ಹೆಂಡತಿ ಹಲಸಿನ ಹಪ್ಪಳದ ತಪ್ಪು ಎಂದಳು. ಕಾರ್ಬನ್ ಫೈಬರ್ ತಗಡು ಹಾಕಿದ, ಇಪ್ಪತ್ತು ಸಾವಿರದ ಶೂಗಳ ವಿಷಯ ಬಂದಾಗ ಅಪ್ಪ ನಗಲಿಲ್ಲ. ಅವರಿಗೆ ಕಾರ್ಬನ್ ಗೊತ್ತು. ಅಡಿಕೆಗೆ ಮದ್ದು ಬಿಡಲು, ಗೊನೆ ಕೊಯ್ಯಲು ತರಿಸಿದ ನಮ್ಮ ದೋಟಿ, ಅಂದರೆ ಉದ್ದನೆಯ ಕೋಲು, ಅದರದ್ದೇ, ಅದಕ್ಕೆ ಕೊಟ್ಟ ಹಣದಲ್ಲಿ ನನ್ನ ಶೂ ಹತ್ತು ಜೋಡಿ ಬರುತ್ತಿತ್ತು. "ದೋಟಿಯಾದರೆ ಮರ ಹತ್ತುವ ಕೂಲಿ ಉಳಿಸುತ್ತದೆ, ನಿನ್ನ ಶೂ ಏನು ಉಳಿಸುತ್ತದೆ?" ಎಂದು ಕೇಳಿದರು. ಎರಡು ನಿಮಿಷ ಎಂದೆ.

ಹಪ್ಪಳದ ಮಾತಿನ ಹಿಂದೆ ಸಿಟ್ಟೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಅವಳಿಗೂ ಇರುವುದು ಒಂದೇ ಭಾನುವಾರ. ನಾನು ಐದಕ್ಕೆ ಹೊರಟು ಎಂಟಕ್ಕೆ ಬಂದು, ಸ್ನಾನ ಮಾಡಿ, ಹಸಿವು ಎಂದು ಕುಳಿತು, ಹತ್ತಕ್ಕೆ ಕಾಲು ನೋವೆಂದು ಮಲಗಿದರೆ ಅವಳ ಭಾನುವಾರ ಎಲ್ಲಿ ಹೋಯಿತು? ಎರಡು ವರ್ಷ ಈ ಪ್ರಶ್ನೆ ಅವಳ ಮುಖದ ಮೇಲಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಈಗ ಶನಿವಾರ ರಾತ್ರಿ ಅಕ್ಕಿ ನೆನೆಹಾಕುವುದು, ಭಾನುವಾರ ಬಂದು ರುಬ್ಬಿ ನೀರುದೋಸೆ ಎರೆಯುವುದು ನನ್ನ ಕೆಲಸ. ಇಪ್ಪತ್ತು ಕಿಲೋಮೀಟರ್ ಓಡಿ ಬಂದು ಒಲೆಯ ಮುಂದೆ ಒಂದು ಗಂಟೆ ನಿಲ್ಲುವುದು ಓಟಕ್ಕಿಂತ ಕಷ್ಟ. ಅವಳು ಎಂಟೂವರೆಯ ತನಕ ಮಲಗುತ್ತಾಳೆ.

ಆಗಸ್ಟಿನಲ್ಲಿ ಅಂಥದ್ದೇ ಒಂದು ಭಾನುವಾರ, ನಾನು ಅಡುಗೆಮನೆಯಲ್ಲಿದ್ದಾಗ, ಅಪ್ಪ ನನ್ನ ಶೂಗಳನ್ನು ಎತ್ತಿ ಬಚ್ಚಲ ಒಲೆಯ ಪಕ್ಕದಲ್ಲಿಟ್ಟರು. ಮಳೆಗಾಲದಲ್ಲಿ ಹಂಡೆಯ ಅಡಿಗೆ ಕೊತ್ತಳಿಗೆ ತುರುಕಿದರೆ ಮಧ್ಯಾಹ್ನದ ತನಕ ಉರಿಯುತ್ತದೆ. ಬೈರಾಸ, ಕೋಣೆಯ ಪರದೆ, ಕಳೆದ ವರ್ಷ ನೆನೆದ ಯಕ್ಷಗಾನದ ಗೆಜ್ಜೆಪಟ್ಟಿ ಎಲ್ಲ ಅಲ್ಲೇ ಒಣಗಿದ್ದವು. ಆದರೆ ಅಟ್ಟೆಯ ಫೋಮ್ ಇವಿಎ ಎಂಬ ಪ್ಲಾಸ್ಟಿಕ್‌ನದ್ದು, ಬಿಸಿಗೆ ಮೆತ್ತಗಾಗುತ್ತದೆ, ಕುಗ್ಗುತ್ತದೆ. ಅಂಟೂ ಬಿಡುತ್ತದೆ. ನಾನು ಹೋಗಿ ನೋಡುವಾಗ ಬಲಗಾಲಿನದ್ದು ಮುಂದುಗಡೆ ಬಾಯಿ ತೆರೆದುಕೊಂಡು ನಗುತ್ತಿತ್ತು. ಅಪ್ಪ ಒಂದು ಮಾತೂ ಆಡದೆ ತೋಟಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ "ಒಣಗಿತ್ತು ಮಾತ್ರ ಚೆನ್ನಾಗಿ" ಎಂದರು.

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ ಕೊಡೆಯ ಕೆಳಗೆ ಕುಳಿತುಕೊಳ್ಳುವ ಚಪ್ಪಲಿ ಹೊಲಿಯುವವರಿಗೂ ಈ ವಿಮರ್ಶೆಯಲ್ಲಿ ಪಾಲು ಸಲ್ಲಬೇಕು. ಶೂವನ್ನು ತಿರುಗಿಸಿ, ಮೂಸಿ, "ಮಾಷೇ, ಇದು ಬೆಂಕಿಗೆ ಇಟ್ಟದ್ದು" ಎಂದರು. ಅಂಟು ಹಾಕಿ ಹೊಲಿಗೆ ಹಾಕದೆ ಕಳಿಸುವುದಿಲ್ಲವೆಂದರು. ಹೊಲಿದರೆ ನೀರು ನುಗ್ಗುತ್ತದಲ್ಲ ಎಂದೆ. ನುಗ್ಗಿದ ದಾರಿಯಲ್ಲೇ ಹೊರಗೂ ಬರುತ್ತದಲ್ಲ ಎಂದರು. ನೈಲಾನ್ ದಾರದಲ್ಲಿ ಸುತ್ತಲೂ ಹೊಲಿಗೆ, ಎರಡಕ್ಕೂ ಸೇರಿ 150 ರೂಪಾಯಿ. ಗ್ಯಾರಂಟಿ ಇಲ್ಲ ಎಂದು ಮೂರು ಸಲ ಹೇಳಿದರು. ಆ ಹೊಲಿಗೆ ಮತ್ತೆ ಮುನ್ನೂರು ಕಿಲೋಮೀಟರ್ ಬಿಡಲಿಲ್ಲ. ಅರ್ಧ ಮ್ಯಾರಥಾನ್ ಓಡಿದ್ದೂ ಅದೇ ಜೋಡಿಯಲ್ಲಿ.

ಮೇಷ್ಟ್ರ ಚಟ, ಅಂಕ ಕೊಡದೆ ಇರಲಾಗುವುದಿಲ್ಲ. ಒಣಗುವುದಕ್ಕೆ ಹತ್ತರಲ್ಲಿ ಎಂಟು, ಬೆರಳಿನ ಜಾಗಕ್ಕೆ ಒಂಬತ್ತು, ಅಡಿಯ ರಬ್ಬರಿಗೆ ಮೂರು, ಹೊಲಿಗೆಗೆ ಪೂರ್ತಿ ಹತ್ತು. ಮುಂದಿನ ಮೇ ತಿಂಗಳಲ್ಲಿ ಇಂಥದ್ದೇ ಬಡಕಲು ಶೂ ಹುಡುಕುತ್ತೇನೆ, ಆದರೆ ಅಡಿಯನ್ನು ಮೊದಲು ತಿರುಗಿಸಿ ನೋಡುತ್ತೇನೆ. ಬರಿಯ ಡಾಮರಿನಲ್ಲಿ ಓಡುವವರು ಧೈರ್ಯವಾಗಿ ಕೊಳ್ಳಬಹುದು.

640 ಕಿಲೋಮೀಟರಿಗೆ ಫೋಮ್ ಸತ್ತಿತು, ಓಡಿದ ಮರುದಿನ ಮೀನಖಂಡ ಹೇಳತೊಡಗಿತು. ಎಸೆಯಲೆಂದು ಹಿತ್ತಿಲ ಜಗಲಿಯಲ್ಲಿ ಇಟ್ಟಿದ್ದೆ. ಮೂರು ದಿನ ಬಿಟ್ಟು ನೋಡಿದರೆ ಅಪ್ಪನ ಕಾಲಿನಲ್ಲಿತ್ತು. ಲೇಸ್ ಕಿತ್ತು ಬಾಳೆನಾರು ಕಟ್ಟಿಕೊಂಡಿದ್ದರು. ಮಳೆಗಾಲದಲ್ಲಿ ಮದ್ದಿನ ಡ್ರಮ್ಮಿನ ಹತ್ತಿರ ಹವಾಯಿ ಚಪ್ಪಲಿ ಜಾರುತ್ತದೆಂದು ಅವರ ದೂರು ಮೊದಲಿನಿಂದಲೂ ಇತ್ತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸುವಾಗ ಒಂದಿಷ್ಟು ಕಾಲ ಮೇಲೆ ಚೆಲ್ಲಿಯೇ ಚೆಲ್ಲುತ್ತದೆ. ಈ ಜೂನಿನ ಮೊದಲ ಮದ್ದು ಮುಗಿಯುವಷ್ಟರಲ್ಲಿ ಬೂದು ಬಣ್ಣದ ಶೂ ಪೂರಾ ನೀಲಿಯಾಯಿತು. ಹೇಗಿದೆ ಎಂದು ಕೇಳಿದೆ. "ಅಡಿ ದಪ್ಪವಾಯಿತು, ನೆಲ ಗೊತ್ತಾಗುವುದಿಲ್ಲ" ಎಂದರು. ಸಂಜೆ ತೊಳೆದು ಎಲ್ಲಿಟ್ಟಿದ್ದಾರೆ ಎಂದು ನೋಡಿದರೆ ಬಚ್ಚಲ ಒಲೆಯ ಪಕ್ಕದಲ್ಲೇ, ಬೆಂಕಿಗೆ ಬೆನ್ನು ಮಾಡಿ ಇಟ್ಟಿದ್ದರು.