ಅದೇ ಲೂಪ್, ಎರಡು ದಿಕ್ಕು: ಕಡಿದಾದ ಕಡೆಯಿಂದ ಹತ್ತೋದು ಮೇಲಾ, ಸಲೀಸಾದ ಕಡೆಯಿಂದಾನಾ?

ಲೂಪ್ ಟ್ರೇಲ್ (ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬರೋ ಕಾಲುದಾರಿ) ಅಂದ್ಮೇಲೆ ಯಾವ ಕಡೆಯಿಂದ ಶುರು ಮಾಡಿದ್ರೂ ಒಂದೇ ಅಲ್ವಾ ಅಂತ ತುಂಬಾ ಜನ ಕೇಳ್ತಾರೆ. ಒಂದೇ ಅಲ್ಲ. ನಾನು ಒಂದೇ ಲೂಪನ್ನ ಎರಡೂ ದಿಕ್ಕಲ್ಲಿ ನಡೆದು ನೋಡಿದೀನಿ. ಒಟ್ಟು 8 ಕಿಲೋಮೀಟರ್, ಏರು 300 ಮೀಟರ್. ಒಂದು ಕಡೆ ಬರೀ 1.2 ಕಿಲೋಮೀಟರಲ್ಲಿ ಅಷ್ಟೂ ಎತ್ತರ ಏರಿಸಿಬಿಡುತ್ತೆ, ಇನ್ನೊಂದು ಕಡೆ ಅದೇ ಎತ್ತರ ಎರಡೂವರೆ ಕಿಲೋಮೀಟರಲ್ಲಿ ನಿಧಾನಕ್ಕೆ ಬರುತ್ತೆ, ಉಳಿದಿದ್ದೆಲ್ಲಾ ಮರಗಳ ನಡುವೆ ಸಮತಟ್ಟು ದಾರಿ. ಎರಡು ದಾರೀನೂ ಬೆಟ್ಟದ ಪಶ್ಚಿಮದ ಮೈಯಲ್ಲೇ ಇವೆ, ಎದುರಿಗೆ ಕಣಿವೆ ದಾಟಿ ದೊಡ್ಡ ಪರ್ವತಗಳ ಸಾಲು.

ಮೊದಲು ಟೈಮ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ನಡೀತಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೂಪಿಗೆ ಅದು 2 ಗಂಟೆ 6 ನಿಮಿಷ ಆಗುತ್ತೆ, ಎರಡೂ ದಿಕ್ಕಿಗೂ ಅಷ್ಟೇ, ಯಾಕಂದ್ರೆ ಲೂಪಲ್ಲಿ ಹತ್ತಿದಷ್ಟೂ ಇಳೀಲೇಬೇಕು. ಆಮೇಲೆ ಇನ್ನೊಬ್ಬ ಪರ್ವತಾರೋಹಿ ಎರಿಕ್ ಲ್ಯಾಂಗ್ಮೂರ್ ಇದಕ್ಕೆ ಇಳಿಯೋದ್ರ ಲೆಕ್ಕಾನೂ ಸೇರಿಸಿದ್ರು: 5ರಿಂದ 12 ಡಿಗ್ರಿ ಇಳಿಜಾರಾದ್ರೆ 300 ಮೀಟರ್ ಇಳಿಯೋಕೆ 10 ನಿಮಿಷ ಕಮ್ಮಿ, ಅದಕ್ಕಿಂತ ಕಡಿದಾದ್ರೆ 10 ನಿಮಿಷ ಜಾಸ್ತಿ. ಅಂದ್ರೆ ದಿಕ್ಕು ಬದಲಾಯಿಸಿದ್ರೆ ಸಾಕು, 20 ನಿಮಿಷದ ವ್ಯತ್ಯಾಸ. ನಿಂತು ಫೋಟೋ ತೆಗೆದ ಹೊತ್ತು ಬಿಟ್ಟು ನೋಡಿದ್ರೆ ನನ್ನ ವಾಚಲ್ಲೂ ಹೆಚ್ಚುಕಮ್ಮಿ ಹಾಗೇ ಬಂತು.

ಆದ್ರೆ 20 ನಿಮಿಷಕ್ಕಿಂತ ದೊಡ್ಡ ವಿಷ್ಯ ಮಂಡಿ. ಇಳಿಯುವಾಗ ತೊಡೆ ಮುಂದಿನ ಸ್ನಾಯು ಮೈಭಾರ ತಡೀತಾನೇ ಉದ್ದ ಆಗ್ತಾ ಹೋಗುತ್ತೆ, ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯೋವಾಗ ಕಾಲು ಹಿಡ್ಕೊಳ್ಳೋದು ಅದರಿಂದ್ಲೇ, ಮತ್ತೆ ಸುಸ್ತಾದ ಕಾಲಲ್ಲಿ ಕಡಿದಾದ ಕಡೆ ಇಳಿದ್ರೆ ಒದ್ದೆ ಎಲೆ, ಬೇರು, ಸಡಿಲ ಕಲ್ಲು ಎಲ್ಲಾ ಒಟ್ಟಿಗೆ ಸಿಗುತ್ತೆ. ಹತ್ತುವಾಗ ಏದುಸಿರು ಬರುತ್ತೆ ನಿಜ, ಆದ್ರೆ ಎರಡು ನಿಮಿಷ ನಿಂತ್ರೆ ಸರಿಹೋಗುತ್ತೆ, ಮಂಡಿ ನೋವು ಹಾಗೆ ನಿಂತ ಮಾತ್ರಕ್ಕೆ ಹೋಗಲ್ಲ.

ಈಗ ವ್ಯೂ, ನಾವೆಲ್ಲಾ ಹೋಗೋದೇ ಅದಕ್ಕಲ್ವಾ. ಕಡಿದಾದ ಕಡೆಯಿಂದ ಬೆಳಿಗ್ಗೆ ಬೇಗ ಹತ್ತಿದ್ರೆ ಬಿಸಿಲು ಇನ್ನೂ ಬೆಟ್ಟದ ಆಚೆ ಇರುತ್ತೆ, ನೆರಳಲ್ಲೇ ಏರು ಮುಗಿಯುತ್ತೆ, ಆಮೇಲೆ ಸಲೀಸು ದಾರೀಲಿ ಇಳಿಯುವಾಗ ಸೂರ್ಯ ಬೆನ್ನಿಗೆ, ಪರ್ವತ ಪೂರ್ತಿ ಬೆಳಕಲ್ಲಿ ಕಣ್ಣೆದುರಿಗೇ, ಮರ ಸ್ವಲ್ಪ ತೆರೆದ ಕಡೆಯೆಲ್ಲಾ ಕಾಣಿಸ್ತಾನೇ ಇರುತ್ತೆ! ಉಲ್ಟಾ ದಿಕ್ಕಲ್ಲಿ ಅದೇ ನೋಟ ಬೆನ್ನ ಹಿಂದೆ ಉಳಿಯುತ್ತೆ, ನೆನಪು ಮಾಡ್ಕೊಂಡು ತಿರುಗಿ ತಿರುಗಿ ನೋಡ್ಬೇಕು, ಇಳಿಯುವಾಗ್ಲಂತೂ ಕಣ್ಣು ಕಾಲ ಕೆಳಗೇ. ತಡ ಮಾಡಿದ್ರೆ ಎರಡೂ ದಿಕ್ಕಿಗೂ ನಷ್ಟ, ಬಿಸಿಲೇರಿದ ಹಾಗೆ ಬೆಟ್ಟದ ಮೈ ಕಾದು ಗಾಳಿ ಮೇಲೆದ್ದು ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಸುತ್ತ ಮೋಡ ಕಟ್ಟುತ್ತೆ.

ಸಲೀಸು ಕಡೆಯಿಂದ ಹತ್ತೋದು ಗೆಲ್ಲೋ ಜಾಗಾನೂ ಇದೆ. ಚಿಕ್ಕ ಮಕ್ಕಳು ಅಥವಾ ಮೊದಲ ಸಲ ಬರೋರು ಜೊತೇಲಿದ್ರೆ ಶುರುವಿನಲ್ಲೇ ಕಡಿದಾದ ಏರು ಸಿಕ್ಕಿದ್ರೆ ಉತ್ಸಾಹಾನೇ ಇಳಿದುಹೋಗುತ್ತೆ. ಸಲೀಸು ದಾರೀಲಿ ಮಾತಾಡ್ಕೊಂಡೇ ಮೈ ಬಿಸಿಯಾಗುತ್ತೆ, ಯಾರಿಗಾದ್ರೂ ಸಾಕು ಅನ್ಸಿದ್ರೆ ಅಲ್ಲಿಂದ್ಲೇ ಆರಾಮಾಗಿ ತಿರುಗಬಹುದು.

ಒಬ್ಬಳೇ ಅಥವಾ ನಡೆದು ರೂಢಿ ಇರೋರ ಜೊತೆ ಹೋದ್ರೆ ನನ್ನ ಆಯ್ಕೆ ಕಡಿದಾದ ಕಡೆಯಿಂದ್ಲೇ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳಿದ್ರೆ ಅಥವಾ ರಾತ್ರಿಯೆಲ್ಲಾ ಮಳೆ ಬಿದ್ದಿದ್ರೆ ಮಾತ್ರ ಲೂಪ್ ಆಸೆ ಬಿಟ್ಟು, ಸಲೀಸು ದಾರೀಲೇ ಮೇಲಕ್ಕೆ ಹೋಗಿ ನೋಡ್ಕೊಂಡು ಅದೇ ದಾರೀಲಿ ವಾಪಸ್ ಬನ್ನಿ.