ಮಕ್ಕಳ ಆಶ್ರಮಕ್ಕೆ ಸೋಲಾರ್: ಆನ್‌ಗ್ರಿಡ್ ಸಾಕಾ, ಬ್ಯಾಟರಿ ಬೇಕಾ?

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮ ತೊಂದರೆ ಬಿಲ್ಲಿನದೋ, ಕರೆಂಟ್ ಹೋಗುವುದರದೋ?

ಬಿಲ್ಲಿನದಾದರೆ ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೇ ಜೋಡಿಸುವ ಸೋಲಾರ್ ಸಾಕು. ಖರ್ಚು ಕಡಿಮೆ. ಮಿಕ್ಕ ಕರೆಂಟ್ ನೆಟ್ ಮೀಟರ್ (ಬಂದ ಕರೆಂಟ್, ಕಳಿಸಿದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಮೂಲಕ ಲೈನಿಗೆ ಹೋಗುತ್ತದೆ. ಆದರೆ ಲೈನ್ ಹೋದರೆ ಇದೂ ಬಂದ್, ಸುಡು ಬಿಸಿಲಿದ್ದರೂ! ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು, ಪ್ಯಾನೆಲ್ ಕರೆಂಟನ್ನು ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ದುಡ್ಡು ಕಟ್ಟಿದ ಮೇಲೆ.

ಸಂಜೆ ಮಕ್ಕಳು ಓದುವ ಹೊತ್ತಿಗೇ ಕರೆಂಟ್ ಹೋಗುವ ಊರಾದರೆ ಲೈನಿನ ಜೊತೆಗೆ ಬ್ಯಾಟರಿಯೂ ಇರುವ ಹೈಬ್ರಿಡ್ ಸೋಲಾರೇ ಸರಿ. ಲೆಡ್ ಆಸಿಡ್ ಬ್ಯಾಟರಿ ಅಗ್ಗ, ಆದರೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಸುಮಾರು 5 ವರ್ಷಕ್ಕೆ ಬದಲಿಸಬೇಕು. ಲಿಥಿಯಂ ದುಬಾರಿ, ಆದರೆ ಬಾಳಿಕೆ ಹೆಚ್ಚುಕಡಿಮೆ ಎರಡರಷ್ಟು. ಸಿಬ್ಬಂದಿ ಬದಲಾಗುತ್ತಲೇ ಇರುವ ಕಡೆ ನೀರು ಹಾಕುವುದು ಯಾರಿಗೆ ನೆನಪಿರುತ್ತದೆ, ಅಲ್ವಾ? ನಾನಂತೂ ಲಿಥಿಯಂ ಅಂತಲೇ ಹೇಳುತ್ತೇನೆ.

1 ಕಿಲೋವ್ಯಾಟ್ ಪ್ಯಾನೆಲ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ಕಡಿಮೆ. ಲೈಟು, ಫ್ಯಾನು, ಕಂಪ್ಯೂಟರ್ ಮಾತ್ರ ಬ್ಯಾಟರಿಗೆ ಕೊಡಿ. ಗೀಸರ್ ಬೇಡವೇ ಬೇಡ. ಸ್ನಾನದ ನೀರಿಗೆ ಸೋಲಾರ್ ವಾಟರ್ ಹೀಟರ್ ಬೇರೆಯೇ ಹಾಕಿಸಿ.