ಝೊಟೆರೊ: ಕನ್ನಡದಲ್ಲಿ ಪಿಎಚ್‌ಡಿ ಮಾಡುವವರಿಗೆ ಎಷ್ಟರಮಟ್ಟಿಗೆ ಉಪಯೋಗ?

ಕಲಬುರಗಿಯಲ್ಲಿದ್ದುಕೊಂಡು ಈ ಭಾಗದ ಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಥೀಸಿಸ್ ಕನ್ನಡದಲ್ಲಿ. ನಾಲ್ಕೈದು ವರ್ಷದಿಂದ ಝೊಟೆರೊ ಬಳಸುತ್ತಿದ್ದೇನೆ. ಯೂಟ್ಯೂಬಿನಲ್ಲಿ ಇದನ್ನು ಹೊಗಳುವವರು ಇಂಗ್ಲಿಷ್ ಜರ್ನಲ್ಲಿನ ಲೇಖನ ತೆರೆದು, ಒಂದು ಬಟನ್ ಒತ್ತಿ, 'ನೋಡಿ, ಮುಗೀತು' ಅಂತಾರೆ. ಕನ್ನಡದಲ್ಲಿ ಅಷ್ಟು ಸಲೀಸಾಗಿ ಮುಗಿಯಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಜೊತೆಗಿದ್ದ ಒಂದು ಕೇಂದ್ರದವರು ಶುರು ಮಾಡಿದ ಉಚಿತ ಸಾಫ್ಟ್‌ವೇರ್. ಪುಸ್ತಕ, ಲೇಖನ, ಪಿಡಿಎಫ್ ಎಲ್ಲ ಒಂದೇ ಕಡೆ ಇಟ್ಟುಕೊಳ್ಳಬಹುದು, ವರ್ಡ್‌ನಲ್ಲಿ ಬರೆಯುವಾಗ ಅಡಿಟಿಪ್ಪಣಿ, ಗ್ರಂಥಸೂಚಿ ಅದೇ ಹಾಕಿಕೊಡುತ್ತದೆ. ಹಸ್ತಪ್ರತಿ, ನಕ್ಷೆ, ಸಂದರ್ಶನ ಹೀಗೆ ಒಂದೊಂದಕ್ಕೂ ಬೇರೆ ನಮೂನೆ ಇದೆ. ಇತಿಹಾಸದವರ ಕೈಯಿಂದ ಬಂದದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಕನ್ನಡ ಪುಸ್ತಕಗಳನ್ನು ಮಾತ್ರ ಕೈಯಾರೆ ತುಂಬಬೇಕು. ಹಳೆಯವಕ್ಕೆ ಐಎಸ್‌ಬಿಎನ್ನೇ ಇರಲ್ಲ, ಹೊಸವಕ್ಕೆ ಇದ್ದರೂ ಅದನ್ನು ಝೊಟೆರೊದಲ್ಲಿ ಹಾಕಿದರೆ ಎಷ್ಟೋ ಸಲ ಪುಸ್ತಕದ ವಿವರ ಏನೂ ಸಿಗಲ್ಲ. ಲೇಖಕರ ಹೆಸರಿಗೆ ಎರಡು ಖಾನೆ ಕೊಟ್ಟಿದ್ದಾರೆ, ಮೊದಲು ಅಡ್ಡಹೆಸರು, ಆಮೇಲೆ ಹೆಸರು. ನಮ್ಮ ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಹೇಗೋ ನಡೆಯುತ್ತದೆ, ಆದರೆ ಮೈಸೂರು ಕಡೆಯವರ ಇನಿಷಿಯಲ್ ಹೆಸರು ಬಂತೆಂದರೆ ಯಾವುದನ್ನು ಎಲ್ಲಿ ಹಾಕೋದು? ಖಾನೆಯ ಪಕ್ಕ ಒಂದು ಸಣ್ಣ ಗುರುತಿದೆ, ಅದನ್ನು ಒತ್ತಿದರೆ ಎರಡೂ ಸೇರಿ ಒಂದೇ ಖಾನೆ ಆಗುತ್ತದೆ. ಯಾವುದಾದರೂ ಒಂದು ಪದ್ಧತಿ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರೇ ಲೇಖಕರು ಗ್ರಂಥಸೂಚಿಯ ಎರಡು ಕಡೆ ಕೂರುತ್ತಾರೆ.

ಹಾಗಾದರೆ ಯಾಕೆ ಬಿಟ್ಟಿಲ್ಲ? 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಪಿಡಿಎಫ್ ಅದರೊಳಗೇ ಓದಬಹುದು. ನನಗೆ ಭಾಳ ಕೆಲಸಕ್ಕೆ ಬಂದದ್ದು ಇದೇ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನ ಇದೆಯಲ್ಲ, ಅದರಲ್ಲಿ ಅಲ್ಲಿನ ಘಟಿಕಾಸ್ಥಾನದ (ಆ ಕಾಲದ ಉನ್ನತ ವಿದ್ಯಾಕೇಂದ್ರ) ಗುರುಗಳು, ವಿದ್ಯಾರ್ಥಿಗಳ ಜೊತೆಗೆ ಆರು ಜನ 'ಸರಸ್ವತೀ ಭಂಡಾರಿಗ'ರ ಮಾತೂ ಬರುತ್ತದೆ. ಅಂದರೆ ಗ್ರಂಥ ಭಂಡಾರ ನೋಡಿಕೊಳ್ಳುವವರು. (ಇವತ್ತು ನಮ್ಮ ಎಷ್ಟು ಕಾಲೇಜುಗಳ ಲೈಬ್ರರಿಯಲ್ಲಿ ಆರು ಜನ ಇದ್ದಾರೆ ಹೇಳಿ.) ನನ್ನ ಹತ್ತಿರ ಇದ್ದದ್ದು ನಿಜಾಮರ ಕಾಲದ ಶಾಸನ ಸಂಪುಟದ ಸ್ಕ್ಯಾನ್ ಪ್ರತಿ, ಅಕ್ಷರ ಆಯ್ಕೆ ಆಗುತ್ತಿರಲಿಲ್ಲ. ಆ ಸಾಲುಗಳ ಸುತ್ತ ಚೌಕ ಎಳೆದೆ, 'ಗ್ರಂಥಪಾಲಕರು' ಅಂತ ಟ್ಯಾಗ್ ಹಾಕಿ ಸುಮ್ನೆ ಬಿಟ್ಟೆ. ಎಷ್ಟೋ ದಿನದ ಮೇಲೆ ಶಿಕ್ಷಣದ ಅಧ್ಯಾಯಕ್ಕೆ ಅದು ಬೇಕಾಯ್ತು. ಟ್ಯಾಗ್ ಒತ್ತಿದೆ, ಸಂಪುಟ ಸಿಕ್ಕಿತು, ಚೌಕದ ಮೇಲೆ ಒತ್ತಿದರೆ ಅದೇ ಪುಟ ತೆರೆಯಿತು. ಜೆರಾಕ್ಸ್ ಕಟ್ಟುಗಳಲ್ಲಿ ಇದನ್ನು ಹುಡುಕಲು ಹೋಗಿದ್ದರೆ ಒಂದು ದಿನ ಹೋಗುತ್ತಿತ್ತು. ಅಡಿಟಿಪ್ಪಣಿಯಲ್ಲಿ ಶಾಸನದ ಸಂಖ್ಯೆ ಬೇಕಿದ್ದರೆ 'ಸಫಿಕ್ಸ್' ಖಾನೆಯಲ್ಲಿ ಬರೆಯಿರಿ.

ಶೋಧಗಂಗಾದಿಂದ (ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಇಳಿಸಿಕೊಂಡ ಥೀಸಿಸ್‌ಗಳದ್ದು ಬೇರೆ ಕಥೆ. ಅಧ್ಯಾಯಕ್ಕೊಂದು ಫೈಲ್ ಇರುತ್ತದೆ, ಎಲ್ಲವನ್ನೂ ಒಂದೇ ನಮೂದಿನ ಕೆಳಗೆ ಸೇರಿಸಿಕೊಳ್ಳಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ರೂಪ ಕೂರಿಸಿದ್ದು) ಟೈಪ್ ಮಾಡಿದ್ದಾದರೆ ಒಳಗೆ ಕನ್ನಡ ಪದ ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬೀಳುತ್ತವೆ. ಇದು ಝೊಟೆರೊ ತಪ್ಪಲ್ಲ.

ನುಡಿಯಿಂದಲೇ ಇನ್ನೊಂದು ಪೆಟ್ಟು ಬಿತ್ತು. ಒಂದು ಅಧ್ಯಾಯವನ್ನು ಇಲ್ಲಿನ ಒಂದು ಡಿಟಿಪಿ ಅಂಗಡಿಗೆ ಪುಟವಿನ್ಯಾಸಕ್ಕೆ ಕೊಟ್ಟಿದ್ದೆ. ಅವರು ಹೇಳದೆ ಕೇಳದೆ ಯೂನಿಕೋಡ್‌ನಿಂದ ನುಡಿಗೆ ಬದಲಿಸಿದರು. ಝೊಟೆರೊ ಜೋಡಣೆ ಎಲ್ಲ ಕಳಚಿತು, ಅದು ಹೋಗಲಿ, ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳಿಗೂ ನುಡಿ ಫಾಂಟ್ ಬಿದ್ದು ಏನೇನೋ ಕನ್ನಡ ಅಕ್ಷರಗಳಾದವು. 'ಸರ್, ಎಲ್ಲಾರೂ ಹಿಂಗೇ ಮಾಡಸ್ತಾರ್ರೀ' ಅಂದರು. ಈಗ ಗೈಡ್ ಪೂರ್ತಿ ಒಪ್ಪುವ ತನಕ ಫೈಲ್ ನನ್ನ ಹತ್ತಿರವೇ ಇರುತ್ತದೆ. ಆಮೇಲೆ ಒಂದು ಪ್ರತಿ ತೆಗೆದು, 'ಅನ್‌ಲಿಂಕ್ ಸೈಟೇಷನ್ಸ್' ಒತ್ತಿ (ಆಗ ಉಲ್ಲೇಖಗಳು ಝೊಟೆರೊ ಜೋಡಣೆ ಬಿಟ್ಟು ಸಾದಾ ಅಕ್ಷರಗಳಾಗುತ್ತವೆ), ಆ ಪ್ರತಿಯನ್ನಷ್ಟೇ ಅಂಗಡಿಗೆ ಕೊಡುತ್ತೇನೆ, ಯೂನಿಕೋಡ್ ಬಿಟ್ಟು ಹೋಗಬಾರದು ಅಂತ ಬರೆದೇ ಕೊಡುತ್ತೇನೆ.

ಉಚಿತವಾಗಿ ಸಿಗುವ ಆನ್‌ಲೈನ್ ಜಾಗ 300 ಎಂಬಿ. ಸ್ಕ್ಯಾನ್ ಸಂಪುಟಗಳಿಗೆ ಅದು ಯಾತಕ್ಕೂ ಸಾಲಲ್ಲ. 2 ಜಿಬಿಗೆ ವರ್ಷಕ್ಕೆ 20 ಡಾಲರ್ ಕೇಳುತ್ತಾರೆ, ನಾನು ಕೊಟ್ಟಿಲ್ಲ. ಫೈಲ್ ಸಿಂಕ್ ಬಂದ್ ಮಾಡಿ, ನಮೂದು ಮತ್ತು ಟಿಪ್ಪಣಿಗಳನ್ನಷ್ಟೇ ಸಿಂಕ್ ಮಾಡುತ್ತೇನೆ, ಅವಕ್ಕೆ ಜಾಗದ ಲೆಕ್ಕ ಇಲ್ಲ. ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್ ಒಳಗೆ ಇಡುವ ಜಾಣತನ ಮಾಡಬೇಡಿ, ಡೇಟಾಬೇಸ್ ಕೆಡುವ ಸಾಧ್ಯತೆ ಇದೆ. ಝೊಟೆರೊ ಮುಚ್ಚಿ, ಇಡೀ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಂಡರೆ ಸಾಕು.

ಇನ್ನೆರಡು ತಿಂಗಳಲ್ಲಿ ಸಬ್ಮಿಟ್ ಮಾಡುವವರು ಈಗ ಇದಕ್ಕೆ ಕೈ ಹಾಕಬೇಡಿ. ಕೋರ್ಸ್‌ವರ್ಕ್‌ನಲ್ಲಿ ಇರುವವರು ಇವತ್ತೇ ಹಾಕಿಕೊಳ್ಳಿ.